ಬೂಟ್ ಆಪ್ಶನ್‌ಗಳ ಬಗ್ಗೆ ನಮ್ಮ ಮೂರು ಡಾಕ್ಯುಮೆಂಟ್ ಮೂರು ಥರ ಹೇಳುತ್ತಿವೆ. ಒಂದೇ ದಾರಿಗೆ ತರುವುದು ಹೇಗೆ?

ಪೀಣ್ಯ_ಲಿನಕ್ಸ್:

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಸಪೋರ್ಟ್ ನೋಡಿಕೊಳ್ಳುತ್ತೇನೆ. ವೇಬ್ರಿಡ್ಜ್‌ಗಳಿಗೆ ಫ್ಯಾನ್ ಇಲ್ಲದ ಪುಟ್ಟ ಲಿನಕ್ಸ್ ಪಿಸಿ ಕೊಡುವುದು ನಮ್ಮ ವ್ಯವಹಾರ. ಸಕ್ಕರೆ ಕಾರ್ಖಾನೆ, ಜಲ್ಲಿ ಕ್ರಷರ್, ಜಿನ್ನಿಂಗ್ ಮಿಲ್, ಹೀಗೆ. ಕಬ್ಬಿನ ಲಾರಿ ಬಂದು ನಿಂತಾಗ ತೂಕದ ಇಂಡಿಕೇಟರ್ ಸೀರಿಯಲ್ ಪೋರ್ಟ್‌ನಲ್ಲಿ ಅಂಕಿ ಕಳಿಸುತ್ತದೆ. ನಮ್ಮ ಪಿಸಿ ಅದನ್ನು ಓದಿ ಚೀಟಿ ಪ್ರಿಂಟ್ ಮಾಡುತ್ತದೆ. ಅಷ್ಟೇ.

ಫೀಲ್ಡ್‌ನಲ್ಲಿ ಎರಡು ಥರದ ಪಿಸಿಗಳಿವೆ. ಹಳೆಯವು ಸೆಲೆರಾನ್ ಜೆ1900, ಅಂದರೆ ಬೇ ಟ್ರೇಲ್. ಅವುಗಳಲ್ಲಿ ಡೆಬಿಯನ್ 10, ಕರ್ನಲ್ 4.19. ಹೊಸವು ಸೆಲೆರಾನ್ ಜೆ6412, ಡೆಬಿಯನ್ 12, ಕರ್ನಲ್ 6.1.

ಈಗ ತಲೆನೋವು. ಕರ್ನಲ್ ಬೂಟ್ ಆಪ್ಶನ್‌ಗಳ (ಪಿಸಿ ಶುರುವಾಗುವಾಗ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕೊಡುವ ಸೂಚನೆಗಳ) ಬಗ್ಗೆ ನಮ್ಮಲ್ಲಿ ಮೂರು ಕಡೆ ಬರೆದಿಟ್ಟಿದ್ದಾರೆ. ಒಂದು ಆಫೀಸಿನ ವಿಕಿ. ಎರಡನೆಯದು ಫೀಲ್ಡ್ ಎಂಜಿನಿಯರ್‌ಗಳಿಗೆ ಕನ್ನಡದಲ್ಲಿ ಮಾಡಿದ ಪಿಡಿಎಫ್. ಬಾಗಲಕೋಟೆ, ಬೆಳಗಾವಿ ಕಡೆಯ ಹುಡುಗರು ಅದನ್ನೇ ವಾಟ್ಸ್ಆ್ಯಪ್‌ನಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಮೂರನೆಯದು ಪಿಸಿಯ ಇಮೇಜ್‌ನಲ್ಲೇ /ಇಟಿಸಿ/ಡೀಫಾಲ್ಟ್/ಗ್ರಬ್ (ಬೂಟ್ ಮಾಡಿಸುವ ಗ್ರಬ್ ಪ್ರೋಗ್ರಾಂನ ಸೆಟ್ಟಿಂಗ್) ಫೈಲ್‌ನೊಳಗೆ ಹಾಕಿರುವ ಕಾಮೆಂಟ್‌ಗಳು. ಬರೆದವರು ಬೇರೆ ಬೇರೆ, ಬರೆದ ಕಾಲವೂ ಬೇರೆ. ಈಗ ಅವರಲ್ಲಿ ಯಾರೂ ಕಂಪನಿಯಲ್ಲಿಲ್ಲ.

ಕೆಲವು ಸ್ಯಾಂಪಲ್ ನೋಡಿ:

ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1 (ಪ್ರೊಸೆಸರ್ ಎಷ್ಟು ಆಳದ ನಿದ್ದೆಗೆ ಹೋಗಬಹುದು ಅನ್ನುವ ಮಿತಿ). ವಿಕಿ ಪ್ರಕಾರ ಜೆ1900ಗೆ ಮಾತ್ರ. ಪಿಡಿಎಫ್ ಪ್ರಕಾರ ಎಲ್ಲ ಪಿಸಿಗೂ ಕಡ್ಡಾಯ. ಗ್ರಬ್ ಫೈಲ್‌ನ ಕಾಮೆಂಟ್ "ತೆಗೆಯಬೇಡಿ!!" ಅಂತ ಮಾತ್ರ ಹೇಳುತ್ತದೆ. ಯಾಕೆ ತೆಗೆಯಬಾರದು ಅಂತ ಎಲ್ಲೂ ಇಲ್ಲ.

ಎಲಿವೇಟರ್=ನೂಪ್ (ಡಿಸ್ಕ್ ಕೆಲಸಗಳ ಸರದಿ ನಿರ್ಧರಿಸುವ ಶೆಡ್ಯೂಲರ್‌ನ ಆಯ್ಕೆ). ಪಿಡಿಎಫ್‌ನಲ್ಲಿ "ಎಸ್‌ಎಸ್‌ಡಿ ಬಾಳಿಕೆಗೆ" ಅಂತ ಇದೆ. ವಿಕಿಯಲ್ಲಿ ಇದರ ಹೆಸರೇ ಇಲ್ಲ.

ಪಿಸಿಐಇ_ಎಎಸ್‌ಪಿಎಂ=ಆಫ್ (ಎಎಸ್‌ಪಿಎಂ ಅಂದರೆ ಪಿಸಿಐಇ ಲಿಂಕ್‌ಗಳಲ್ಲಿ ವಿದ್ಯುತ್ ಉಳಿಸುವ ವ್ಯವಸ್ಥೆ). ವಿಕಿಯಲ್ಲಿ "ಎಎಸ್‌ಪಿಎಂ ಪೂರ್ತಿ ಬಂದ್ ಆಗುತ್ತದೆ, ನೆಟ್‌ವರ್ಕ್ ಕಾರ್ಡ್ ಬೀಳುವುದಿಲ್ಲ" ಅಂತ ಇದೆ. ಆದರೂ ಕಾರ್ಡ್ ಆಗಾಗ ಬೀಳುತ್ತಿದೆ.

ಕನ್ಸೋಲ್=ಟಿಟಿವೈಎಸ್0,115200 (ಕರ್ನಲ್ ಮೆಸೇಜ್ ಯಾವ ಪೋರ್ಟ್‌ಗೆ ಹೋಗಬೇಕು ಅಂತ; ಟಿಟಿವೈಎಸ್0, ಟಿಟಿವೈಎಸ್1 ಸೀರಿಯಲ್ ಪೋರ್ಟ್‌ಗಳ ಹೆಸರು). ವಿಕಿಯಲ್ಲಿ ಇದೆ, ಪಿಡಿಎಫ್‌ನಲ್ಲಿ ಟಿಟಿವೈಎಸ್1 ಅಂತ ಇದೆ.

ನೋಮೋಡ್‌ಸೆಟ್. ಮೂರೂ ಕಡೆ ಇದೆ, "ಸ್ಕ್ರೀನ್ ಕಪ್ಪಾದರೆ ಹಾಕಿ" ಅಂತ. ಕೊನೆಗೂ ಒಂದರಲ್ಲಿ ಒಮ್ಮತ!

ಎಲ್ಲವನ್ನೂ ಒಂದು ಹದಕ್ಕೆ ತರುವ ಕೆಲಸ ನನ್ನ ತಲೆಗೆ ಬಂದಿದೆ. ಸುಮ್ನೆ ಮೂರನ್ನೂ ಕೂಡಿಸಿ ನಾಲ್ಕನೆಯದು ಬರೆಯಲು ನನಗೆ ಇಷ್ಟವಿಲ್ಲ. ಮುಂದಿನ ವರ್ಷ ಡೆಬಿಯನ್ ಬದಲಾದರೆ ಮತ್ತೆ ಇದೇ ಕತೆ. ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಇದನ್ನು ಹೇಗೆ ಮಾಡುತ್ತಾರೆ? ಅನುಭವ ಇರುವವರು ಹೇಳಿ, ಪ್ಲೀಸ್.

ರಾತ್ರಿಪಾಳಿ:

ಮೂರನ್ನೂ ಡಿಲೀಟ್ ಮಾಡಿ, ಕರ್ನಲ್‌ನ ಕರ್ನಲ್-ಪ್ಯಾರಾಮೀಟರ್ಸ್ ಪುಟಕ್ಕೆ ಲಿಂಕ್ ಕೊಡಿ. ಮುಗೀತು. ನಮ್ಮ ಡೇಟಾ ಸೆಂಟರ್‌ನಲ್ಲಿ ಅದೇ ನಿಯಮ. ನಾವು ಬರೆದದ್ದು ಒಂದಲ್ಲ ಒಂದು ದಿನ ಹಳೆಯದಾಗುತ್ತದೆ. ಕರ್ನಲ್‌ನವರು ಬರೆದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಹಳೇ_ಟರ್ಮಿನಲ್:

ರಾತ್ರಿಪಾಳಿಯವರ ಮಾತು ಅರ್ಧ ಸರಿ. ಇನ್ನರ್ಧ ಪೀಣ್ಯದವರಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಲಿಂಕ್ ವಿಷಯ. ಕರ್ನಲ್ ಸೈಟ್‌ನಲ್ಲಿ ಮೊದಲು ಸಿಗುವ ಪುಟ ಯಾವಾಗಲೂ ಇತ್ತೀಚಿನ ಕರ್ನಲ್‌ನದು. ನಿಮ್ಮ ಹಳೆಯ ಪಿಸಿಗಳು 4.19ರಲ್ಲಿವೆ. ಲಿಂಕ್ ಕೊಡುವುದಾದರೆ ಆಯಾ ವರ್ಶನ್‌ನ ಪುಟಕ್ಕೇ ಕೊಡಬೇಕು. 6.1ಕ್ಕೆ ಬೇರೆ, 4.19ಕ್ಕೆ ಬೇರೆ. ಇಲ್ಲವಾದರೆ ಅಲ್ಲಿ ಓದಿದ್ದು ಒಂದು, ಪಿಸಿಯಲ್ಲಿ ಆಗುವುದು ಇನ್ನೊಂದು. ನಿಮ್ಮ ನೋಮೋಡ್‌ಸೆಟ್ ಒಮ್ಮತವನ್ನೇ ತೆಗೆದುಕೊಳ್ಳಿ. ವರ್ಷಗಟ್ಟಲೆ ಊರೆಲ್ಲ ಬಳಸಿದ ಆಪ್ಶನ್ ಅದು. ಆದರೆ ಕರ್ನಲ್‌ನ ಆ ದೊಡ್ಡ ಪಟ್ಟಿಯಲ್ಲಿ ಅದರ ವಿವರಣೆ ಬಂದದ್ದು 5.17ರ ಹೊತ್ತಿಗೆ, 2022ರಲ್ಲಿ. ನಿಮ್ಮ 4.19ರ ಪುಟದಲ್ಲಿ ಹುಡುಕಿದರೆ ಅಂಥ ವಿವರಣೆ ಸಿಗುವುದಿಲ್ಲ.

ಕರ್ನಲ್‌ನವರ ಮನೆಯೂ ಅಷ್ಟೇನೂ ಅಚ್ಚುಕಟ್ಟಲ್ಲ. ನಾನು ಆಗೊಂದು ಈಗೊಂದು ಡಾಕ್ಯುಮೆಂಟೇಶನ್ ಪ್ಯಾಚ್ ಕಳಿಸಿದವನು, ಹಾಗಾಗಿ ಸಲುಗೆಯಿಂದ ಹೇಳುತ್ತೇನೆ. ಮುಖ್ಯ ಪಟ್ಟಿ ಇರುವುದು ಅಡ್ಮಿನ್-ಗೈಡ್ ಫೋಲ್ಡರ್‌ನ ಒಂದೇ ಉದ್ದ ಟೆಕ್ಸ್ಟ್ ಫೈಲ್‌ನಲ್ಲಿ. ಅಕ್ಷರಮಾಲೆ ಪ್ರಕಾರ ಜೋಡಿಸಿರಬೇಕು ಅಂತ ನಿಯಮ. ಚಿಹ್ನೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಅಂಕಿಗಳು ಅಕ್ಷರಕ್ಕಿಂತ ಮೊದಲು ಬರಬೇಕು ಅನ್ನುವವರೆಗೂ ಬರೆದಿಟ್ಟಿದ್ದಾರೆ. ಆದರೆ 64-ಬಿಟ್ ಎಕ್ಸ್86ಗೆ ಮಾತ್ರ ಬೂಟ್-ಆಪ್ಶನ್ಸ್ ಅಂತ ಇನ್ನೊಂದು ಫೈಲ್ ಬಹಳ ಕಾಲ ಬೇರೆಯೇ ಇತ್ತು. ಐಓಎಂಎಂಯು (ಸಾಧನಗಳು ಮೆಮೊರಿ ಮುಟ್ಟುವುದನ್ನು ನಿಯಂತ್ರಿಸುವ ಭಾಗ) ಆಪ್ಶನ್‌ಗಳ ಒಂದಷ್ಟು ವಿವರ ಇಲ್ಲಿ, ಇನ್ನೊಂದಷ್ಟು ಅಲ್ಲಿ. ಎರಡನ್ನೂ ಓದಿದವನಿಗೆ ಮಾತ್ರ ಪೂರ್ತಿ ಚಿತ್ರ. ಇತ್ತೀಚೆಗಷ್ಟೇ ಅದನ್ನು ಮುಖ್ಯ ಪಟ್ಟಿಯೊಳಗೆ ಸೇರಿಸಿದ್ದಾರೆ.

ಒಂದೇ ವಿಷಯವನ್ನು ಹಲವು ಕಡೆ ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಎಂಡಿಎಸ್. 2019ರ ಮೇ ತಿಂಗಳಲ್ಲಿ ಇಂಟೆಲ್ ಪ್ರೊಸೆಸರ್‌ಗಳ ಈ ಭದ್ರತಾ ದೋಷ ಹೊರಬಂತು. ಅದರ ರಕ್ಷಣೆ ಬೇಡ ಅನ್ನುವವರಿಗೆ ಎಂಡಿಎಸ್=ಆಫ್ ಕೊಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ ಟಿಎಎ ಅಂತ ಇನ್ನೊಂದು ಬಂತು. ಅದಕ್ಕೆ ಟಿಎಸ್‌ಎಕ್ಸ್_ಅಸಿಂಕ್_ಅಬಾರ್ಟ್=ಆಫ್. ಎರಡಕ್ಕೂ ಪರಿಹಾರ ಒಂದೇ, ವೆರ್‌ಡಬ್ಲ್ಯೂ ಅನ್ನುವ ಇನ್‌ಸ್ಟ್ರಕ್ಷನ್‌ನಿಂದ ಪ್ರೊಸೆಸರ್‌ನ ಒಳಗಿನ ಬಫರ್ ಒರೆಸುವುದು. ಈಗ ಎರಡೂ ದೋಷ ಇರುವ ಮಶೀನ್‌ನಲ್ಲಿ ನೀವು ಎಂಡಿಎಸ್=ಆಫ್ ಅಂತ ಮಾತ್ರ ಹಾಕಿದರೆ? ಏನೂ ಆಫ್ ಆಗುವುದಿಲ್ಲ. ಟಿಎಎ ಸಲುವಾಗಿ ಒರೆಸುವ ಕೆಲಸ ನಡೆದೇ ಇರುತ್ತದೆ. ಎರಡನ್ನೂ ಹಾಕಿದರೆ ಮಾತ್ರ ನಿಲ್ಲುತ್ತದೆ.

ಗಮನಿಸಿ, ಎಂಡಿಎಸ್ ಬಗ್ಗೆ ಮೇ ತಿಂಗಳಲ್ಲಿ ಬರೆದಾಗ ಅದು ಸರಿಯಾಗಿಯೇ ಇತ್ತು. ಪಕ್ಕದಲ್ಲಿ ಇನ್ನೊಂದು ಆಪ್ಶನ್ ಬಂದದ್ದರಿಂದ ಹಳೆಯ ವಾಕ್ಯ ಅರ್ಧ ಸುಳ್ಳಾಯಿತು. ಅದನ್ನು ಸರಿಮಾಡಲು ಮುಖ್ಯ ಪಟ್ಟಿಯಲ್ಲಿ ಎರಡು ಕಡೆ, ಎಂಡಿಎಸ್‌ನ ಪುಟದಲ್ಲಿ, ಟಿಎಎ ಪುಟದಲ್ಲಿ, ಹೀಗೆ ಎಲ್ಲ ಕಡೆಯೂ ಇನ್ನೊಂದು ಸಾಲು ಸೇರಿಸಬೇಕಾಯಿತು. ಇಂಥ ರಕ್ಷಣೆಗಳನ್ನೆಲ್ಲ (ಮಿಟಿಗೇಶನ್‌ಗಳನ್ನು) ಬಂದ್ ಮಾಡುವ ಮಿಟಿಗೇಶನ್ಸ್=ಆಫ್ ಅನ್ನುವ ಒಟ್ಟು ಆಪ್ಶನ್ ಇದೆಯಲ್ಲ, ಅದರ ಕೆಳಗೆ ಅದು ಯಾವ ಯಾವ ಆಪ್ಶನ್‌ಗೆ ಸಮ ಅಂತ ಒಂದು ಪಟ್ಟಿ ಇದೆ. ಹೊಸ ದೋಷ ಬಂದಾಗಲೆಲ್ಲ ಯಾರೋ ಒಬ್ಬರು ನೆನಪಿಟ್ಟುಕೊಂಡು ಅಲ್ಲಿಗೂ ಒಂದು ಸಾಲು ಸೇರಿಸಬೇಕು.

ಅವರ ಕಡೆ ಕಾವಲು ಇಲ್ಲ ಅಂತಲ್ಲ. ಪ್ಯಾಚ್ ಕಳಿಸುವ ಮೊದಲು ಓಡಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್, ಕೋಡ್‌ನಲ್ಲಿ ಹೊಸ ಬೂಟ್ ಆಪ್ಶನ್ ಕಂಡರೆ ಪಟ್ಟಿಯ ಫೈಲ್‌ನಲ್ಲಿ ಅದರ ಹೆಸರು ಹುಡುಕುತ್ತದೆ. ಇಲ್ಲದಿದ್ದರೆ "ಇದು ಡಾಕ್ಯುಮೆಂಟ್ ಆದಂತಿಲ್ಲ" ಅಂತ ಗೊಣಗುತ್ತದೆ. ಆದರೆ ಹೆಸರು ಇದೆಯೋ ಇಲ್ಲವೋ ಅನ್ನುವುದಷ್ಟೇ ಅದಕ್ಕೆ ಗೊತ್ತು. ಬರೆದದ್ದು ನಿಜವೋ ಅಲ್ಲವೋ ಅದು ನೋಡುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಆಪ್ಶನ್ ಏನು ಮಾಡುತ್ತದೆ ಅನ್ನುವುದನ್ನು ನೀವು ಬರೆಯಲೇಬೇಡಿ, ಅದಕ್ಕೆ ಲಿಂಕ್ ಸಾಕು. ಅದನ್ನು ನೀವು ಯಾಕೆ ಹಾಕಿದ್ದೀರಿ, ಯಾವ ಪಿಸಿಗೆ, ಕೆಲಸ ಮಾಡುತ್ತಿದೆ ಅಂತ ಹೇಗೆ ನೋಡುವುದು, ಯಾವಾಗ ತೆಗೆಯಬಹುದು, ಇವನ್ನು ಬರೆಯಿರಿ. ಇದು ಕರ್ನಲ್‌ನವರಿಗೆ ಗೊತ್ತಿಲ್ಲ. ನಿಮಗೆ ಮಾತ್ರ ಗೊತ್ತು. ನಿಮ್ಮ ಮೂರು ಡಾಕ್ಯುಮೆಂಟ್‌ಗಳಲ್ಲಿ ಇಲ್ಲದ್ದೂ ಇದೊಂದೇ.

ಈಗ ನಿಮ್ಮ ಪಟ್ಟಿಗೆ ಬರೋಣ.

ಎಲಿವೇಟರ್=ನೂಪ್ ಅನ್ನು ಇವತ್ತೇ ತೆಗೆಯಿರಿ, ಕನಿಷ್ಠ 6.1ರ ಪಿಸಿಗಳಿಂದ. 2019ರಲ್ಲಿ ಬಂದ 5.0 ಕರ್ನಲ್ ಹಳೆಯ ಬ್ಲಾಕ್ ಲೇಯರ್ ದಾರಿಯನ್ನೇ ಕಿತ್ತುಹಾಕಿತು. ಆಮೇಲೆ ಈ ಆಪ್ಶನ್‌ಗೆ ಕೆಲಸವೇ ಇಲ್ಲ. ನೂಪ್ ಅನ್ನುವ ಶೆಡ್ಯೂಲರ್ ಕೂಡ ಇಲ್ಲ, ಈಗಿನದರ ಹೆಸರು ನನ್. ನಿಮ್ಮ ಹೊಸ ಪಿಸಿಯಲ್ಲಿ ಡಿಮೆಸೇಜ್ (ಕರ್ನಲ್ ಮೆಸೇಜ್‌ಗಳ ಪಟ್ಟಿ) ತೆಗೆದು ಎಲಿವೇಟರ್ ಅಂತ ಹುಡುಕಿ. "ಇದರಿಂದ ಈಗ ಯಾವ ಪರಿಣಾಮವೂ ಇಲ್ಲ, ಸಿಸ್‌ಎಫ್‌ಎಸ್ (ಕರ್ನಲ್ ಸೆಟ್ಟಿಂಗ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಬಳಸಿ" ಅನ್ನುವ ಅರ್ಥದ ಎಚ್ಚರಿಕೆ ಪ್ರತಿ ಬೂಟ್‌ನಲ್ಲೂ ಬಂದು ಕೂತಿರುತ್ತದೆ.

ಪಿಸಿಐಇ_ಎಎಸ್‌ಪಿಎಂ=ಆಫ್ ಕತೆ ಇನ್ನೂ ಚೆನ್ನಾಗಿದೆ. ಹೆಸರು ನೋಡಿದರೆ ಎಎಸ್‌ಪಿಎಂ ಬಂದ್ ಆಗುತ್ತದೆ ಅನಿಸುತ್ತದೆ, ಅಲ್ವಾ? ಕರ್ನಲ್‌ನ ಹಳೆಯ ವಿವರಣೆಯೂ ಹಾಗೇ ಇತ್ತು. ನಿಜದಲ್ಲಿ ಅದರ ಅರ್ಥ "ಕರ್ನಲ್ ಎಎಸ್‌ಪಿಎಂಗೆ ಕೈ ಹಾಕುವುದಿಲ್ಲ, ಬಯೋಸ್ ಹೇಗೆ ಬಿಟ್ಟಿದೆಯೋ ಹಾಗೇ ಇರಲಿ" ಅಂತ. ನಿಮ್ಮ ಬಯೋಸ್ ಎಎಸ್‌ಪಿಎಂ ಆನ್ ಮಾಡಿಟ್ಟಿದ್ದರೆ ಈ ಆಪ್ಶನ್ ಹಾಕಿದ ಮೇಲೂ ಅದು ಆನ್ ಆಗಿಯೇ ಇರುತ್ತದೆ. ರೂಟ್ ಆಗಿ ಎಲ್‌ಎಸ್‌ಪಿಸಿಐ -ವಿವಿ ಓಡಿಸಿ, ನೆಟ್‌ವರ್ಕ್ ಕಾರ್ಡ್‌ನ ಕೆಳಗೆ ಲಿಂಕ್ ಕಂಟ್ರೋಲ್ ಸಾಲು ನೋಡಿ. ಅಲ್ಲಿ "ಎಲ್1 ಎನೇಬಲ್ಡ್" ಅಂತಿದ್ದರೆ ಕಾರ್ಡ್ ಯಾಕೆ ಬೀಳುತ್ತಿದೆ ಅಂತ ಹುಡುಕಲು ಅಲ್ಲಿಂದ ಶುರುಮಾಡಿ. ಬಯೋಸ್‌ನಲ್ಲೇ ಬಂದ್ ಮಾಡಿ ನೋಡಿ.

ಕನ್ಸೋಲ್ ವಿಷಯ ನಿಮ್ಮಂಥ ವ್ಯವಹಾರದಲ್ಲಿ ಎಲ್ಲಕ್ಕಿಂತ ಅಪಾಯದ್ದು. ತೂಕದ ಇಂಡಿಕೇಟರ್ ಯಾವ ಪೋರ್ಟ್‌ನಲ್ಲಿದೆ? ಅದು ಟಿಟಿವೈಎಸ್0 ಆಗಿದ್ದು, ಬೂಟ್ ಸಾಲಿನಲ್ಲಿ ಕನ್ಸೋಲ್=ಟಿಟಿವೈಎಸ್0 ಅಂತಲೂ ಇದ್ದರೆ ಎರಡು ಅನಾಹುತ. ಒಂದು, ಬೂಟ್ ಆಗುವಾಗ ಕರ್ನಲ್ ಮೆಸೇಜ್‌ಗಳೆಲ್ಲ ಇಂಡಿಕೇಟರ್‌ಗೆ ಹೋಗುತ್ತವೆ. ಎರಡು, ಸಿಸ್ಟಮ್‌ಡಿ (ಬೂಟ್ ಆಗುವಾಗ ಉಳಿದ ಪ್ರೋಗ್ರಾಂಗಳನ್ನು ಶುರುಮಾಡುವ ಪ್ರೋಗ್ರಾಂ) ಈ ಆಪ್ಶನ್ ನೋಡಿ ಅದೇ ಪೋರ್ಟ್‌ನಲ್ಲಿ ತಾನಾಗಿ ಒಂದು ಲಾಗಿನ್ ಪ್ರಾಂಪ್ಟ್ ಎಬ್ಬಿಸುತ್ತದೆ. ಇಂಡಿಕೇಟರ್ ಕಳಿಸಿದ ಅಂಕಿಗಳಲ್ಲಿ ಕೆಲವನ್ನು ನಿಮ್ಮ ಪ್ರೋಗ್ರಾಂ ಓದುತ್ತದೆ, ಕೆಲವನ್ನು ಲಾಗಿನ್ ಪ್ರಾಂಪ್ಟ್ ಯೂಸರ್‌ನೇಮ್ ಅಂತ ತಿಳಿದು ನುಂಗುತ್ತದೆ. "ಒಮ್ಮೊಮ್ಮೆ ತೂಕ ಬರುತ್ತಿಲ್ಲ" ಅನ್ನುವ ಕಂಪ್ಲೇಂಟ್ ನಿಮ್ಮಲ್ಲಿ ಇದ್ದರೆ ಮೊದಲು ಇದನ್ನು ನೋಡಿ.

ಮ್ಯಾಕ್ಸ್_ಸಿಸ್ಟೇಟ್=1 ಜೆ1900ಗೆ ಅರ್ಥವಾಗುತ್ತದೆ. ಬೇ ಟ್ರೇಲ್ ಪಿಸಿಗಳು ಆಳವಾದ ಸಿ-ಸ್ಟೇಟ್‌ಗೆ ಹೋದಾಗ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದವು. ಆಗ ಎಲ್ಲರೂ ಹಾಕಿಕೊಂಡ ಮದ್ದು ಇದು. ಜೆ6412 ಬೇರೆಯೇ ತಲೆಮಾರು. ಅದಕ್ಕೂ ಹಾಕಿದರೆ ಪ್ರೊಸೆಸರ್‌ಗೆ ಆಳವಾದ ನಿದ್ದೆ ಸಿಗುವುದಿಲ್ಲ, ಕೆಲಸ ಇಲ್ಲದಾಗಲೂ ಬಿಸಿ ಜಾಸ್ತಿ. ಫ್ಯಾನ್ ಇಲ್ಲದ ಪೆಟ್ಟಿಗೆ, ತಗಡಿನ ಕ್ಯಾಬಿನ್, ಬಾಗಲಕೋಟೆಯ ಏಪ್ರಿಲ್. ಮುಂದೆ ನಾನು ಹೇಳಬೇಕಿಲ್ಲ.

ಇನ್ನೊಂದು. ಇದನ್ನು ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡೀಫಾಲ್ಟ್ ಸಾಲಿನಲ್ಲಿ ಹಾಕಿದ್ದಾರಾ, ಅಥವಾ ಹೆಸರಿನ ಕೊನೆಯಲ್ಲಿ ಡೀಫಾಲ್ಟ್ ಇಲ್ಲದ ಸಾಲಿನಲ್ಲಾ? ಡೀಫಾಲ್ಟ್ ಸಾಲಿನದು ರಿಕವರಿ ಮೋಡ್‌ಗೆ ಅನ್ವಯಿಸುವುದಿಲ್ಲ. ಜೆ1900 ಕೆಟ್ಟಾಗ ಹುಡುಗರು ರಿಕವರಿಗೆ ಹೋಗಿ ರಿಪೇರಿ ಮಾಡುತ್ತಿರುವಾಗಲೇ ಪಿಸಿ ನಿಲ್ಲಬಾರದು ಅಂದರೆ ಇದು ಎರಡನೆಯ ಸಾಲಿನಲ್ಲಿರಬೇಕು.

ರಾತ್ರಿಪಾಳಿ:

ಎಂಡಿಎಸ್ ವಿಷಯ ಒಪ್ಪಿದೆ. ಆದರೆ ಒಂದು ಪ್ರಶ್ನೆ. ಆಪ್ಶನ್ ತಪ್ಪಿದ್ದರೆ ಕರ್ನಲ್ ತಾನೇ ಹೇಳುವುದಿಲ್ಲವಾ? ನಮ್ಮಲ್ಲಿ ಡಿಮೆಸೇಜ್‌ನಲ್ಲಿ "ಅನ್‌ನೋನ್ ಕರ್ನಲ್ ಕಮಾಂಡ್ ಲೈನ್ ಪ್ಯಾರಾಮೀಟರ್ಸ್" ಅಂತ ಬರುತ್ತದೆ. ಅದನ್ನೇ ಅಲರ್ಟ್‌ಗೆ ಕಟ್ಟಿದರೆ ಡಾಕ್ಯುಮೆಂಟ್‌ನ ಗೊಡವೆಯೇ ಬೇಡ.

ಹಳೇ_ಟರ್ಮಿನಲ್:

ಬರುತ್ತದೆ, ಆದರೆ ಪೂರ್ತಿ ನೆಚ್ಚಿಕೊಳ್ಳಲು ಆಗುವುದಿಲ್ಲ. ಮೊದಲನೆಯದಾಗಿ, ಅದು 2021ರ ನಂತರದ ಕರ್ನಲ್‌ಗಳಲ್ಲಿ ಮಾತ್ರ. ಪೀಣ್ಯದವರ 4.19 ಬಾಯಿ ಬಿಡುವುದಿಲ್ಲ. ಗುರುತು ಸಿಗದ ಆಪ್ಶನ್ ಅನ್ನು ಅದು ಸದ್ದಿಲ್ಲದೆ ಇನಿಟ್‌ಗೆ (ಕರ್ನಲ್ ಶುರುಮಾಡುವ ಮೊದಲ ಪ್ರೋಗ್ರಾಂಗೆ) ದಾಟಿಸಿಬಿಡುತ್ತದೆ.

ಎರಡನೆಯದು, ಆ ಸಾಲಿನಲ್ಲಿ ಬರುವುದೆಲ್ಲ ತಪ್ಪಲ್ಲ. ಉಬುಂಟು ಪಿಸಿಯಲ್ಲಿ ನೋಡಿ, ಸ್ಪ್ಲ್ಯಾಶ್, ಬೂಟ್_ಇಮೇಜ್ ಎರಡೂ ಅಲ್ಲೇ ಇರುತ್ತವೆ. ಸ್ಪ್ಲ್ಯಾಶ್ ಕರ್ನಲ್‌ನ ಆಪ್ಶನ್ನೇ ಅಲ್ಲ. ಪ್ಲಿಮತ್ ಅನ್ನುವ ಪ್ರೋಗ್ರಾಂ ಅದನ್ನು /ಪ್ರಾಕ್/ಸಿಎಂಡಿಲೈನ್‌ನಿಂದ (ಕರ್ನಲ್‌ಗೆ ತಲುಪಿದ ಬೂಟ್ ಸಾಲು ಇರುವ ಫೈಲ್‌ನಿಂದ) ಓದಿಕೊಳ್ಳುತ್ತದೆ. ಬೂಟ್_ಇಮೇಜ್ ಅನ್ನು ಗ್ರಬ್ ಸೇರಿಸುತ್ತದೆ.

ಮೂರನೆಯದು ಮುಖ್ಯ. ಹೆಸರಿನಲ್ಲಿ ಚುಕ್ಕಿ ಇದ್ದರೆ ಅದು ಯಾವುದೋ ಮಾಡ್ಯೂಲ್‌ನದು ಅಂತ ತಿಳಿದು ಕರ್ನಲ್ ಸುಮ್ಮನಾಗುತ್ತದೆ. ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್ ಬದಲು ಯಾರೋ ಇಂಟೆಲ್_ಐಡೆಲ್.ಮ್ಯಾಕ್ಸ್_ಸಿಸ್ಟೇಟ್ ಅಂತ ಅಕ್ಷರ ಅದಲುಬದಲು ಮಾಡಿ ಟೈಪ್ ಮಾಡಿದರೆ ಯಾವ ದೂರೂ ಬರುವುದಿಲ್ಲ. ಹಾಗಾಗಿ ಪ್ರತಿ ಆಪ್ಶನ್‌ಗೂ "ಹೇಗೆ ನೋಡುವುದು" ಅನ್ನುವ ಸಾಲು ಬೇಕು ಅಂದದ್ದು. ಇದಕ್ಕೆ ಸಿಸ್‌ಎಫ್‌ಎಸ್‌ನ ಮಾಡ್ಯೂಲ್ ಫೋಲ್ಡರ್‌ನಲ್ಲಿ ಇಂಟೆಲ್_ಐಡಲ್ ಕೆಳಗೆ ಪ್ಯಾರಾಮೀಟರ್ಸ್, ಅದರಲ್ಲಿ ಮ್ಯಾಕ್ಸ್_ಸಿಸ್ಟೇಟ್ ಫೈಲ್ ಇದೆ. ಅದರೊಳಗೆ 1 ಇದ್ದರೆ ಸರಿ. ಮಿಟಿಗೇಶನ್‌ಗಳಿಗೆ ಸಿಪಿಯು ಫೋಲ್ಡರ್‌ನೊಳಗೆ ವಲ್ನರಬಿಲಿಟೀಸ್ ಅಂತ ಒಂದು ಫೋಲ್ಡರ್, ಒಂದೊಂದು ದೋಷಕ್ಕೂ ಒಂದೊಂದು ಫೈಲ್. ಬೂಟ್ ಸಾಲಿನಲ್ಲಿ ಏನು ಬರೆದಿದೆ ಅನ್ನುವುದಕ್ಕಿಂತ ಅಲ್ಲಿ ಏನು ಕಾಣುತ್ತದೆ ಅನ್ನುವುದೇ ಕೊನೆಯ ಮಾತು.

ಪೈ_ಪ್ರಿಯ:

ರಾಸ್ಪ್‌ಬೆರಿ ಪೈ ಕಡೆಯಿಂದ ಎರಡು ಮಾತು. ನಿಮ್ಮ ಪಿಡಿಎಫ್‌ನಲ್ಲಿ ಫೈಲ್ ಎಲ್ಲಿದೆ ಅಂತ ಬರೆದಿದ್ದರೆ ಅದನ್ನೂ ವರ್ಶನ್ ಜೊತೆ ಬರೆಯಿರಿ. ಪೈನಲ್ಲಿ ಸಿಎಂಡಿಲೈನ್.ಟಿಎಕ್ಸ್‌ಟಿ ವರ್ಷಾನುಗಟ್ಟಲೆ /ಬೂಟ್ ಒಳಗಿತ್ತು. 2023ರ ಬುಕ್‌ವರ್ಮ್‌ನಿಂದ /ಬೂಟ್/ಫರ್ಮ್‌ವೇರ್ ಒಳಗೆ ಹೋಯಿತು. ಹಳೆಯ ಲೇಖನ ಓದಿದವರು ಈಗಲೂ ಹಳೆಯ ಜಾಗದಲ್ಲೇ ಹುಡುಕುತ್ತಾರೆ. ಅದರಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿರಬೇಕು ಬೇರೆ, ಎಂಟರ್ ಹೊಡೆದರೆ ಕೆಟ್ಟಿತು.

ಇನ್ನೊಂದು, ಫೈಲ್‌ನಲ್ಲಿ ಬರೆದದ್ದೇ ಕರ್ನಲ್‌ಗೆ ತಲುಪುತ್ತದೆ ಅಂತ ಭಾವಿಸಬೇಡಿ. ನಾವು ಕನ್ಸೋಲ್=ಸೀರಿಯಲ್0 ಅಂತ ಬರೆಯುತ್ತೇವೆ. ಪೈನ ಫರ್ಮ್‌ವೇರ್ ಅದನ್ನು ನಿಜವಾದ ಪೋರ್ಟ್ ಹೆಸರಿಗೆ ಬದಲಿಸಿ ಕೊಡುತ್ತದೆ. ಕೆಲವು ಕೈಗಾರಿಕಾ ಎಆರ್‌ಎಂ ಬೋರ್ಡ್‌ಗಳಲ್ಲಿ ಕರ್ನಲ್ ಕಟ್ಟುವಾಗಲೇ ಕಮಾಂಡ್ ಲೈನ್ ಒಳಗೆ ಸೇರಿಸಿ, ಫೋರ್ಸ್ ಅಂತ ಕೊಟ್ಟಿರುತ್ತಾರೆ. ಆಗ ಯೂ-ಬೂಟ್‌ನಲ್ಲಿ (ಅಂಥ ಬೋರ್ಡ್‌ಗಳ ಬೂಟ್ ಪ್ರೋಗ್ರಾಂನಲ್ಲಿ) ನೀವು ಏನು ಬರೆದರೂ ಕಸದ ಬುಟ್ಟಿಗೆ.

ಪೀಣ್ಯ_ಲಿನಕ್ಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇ_ಟರ್ಮಿನಲ್ ಸರ್, ಕನ್ಸೋಲ್ ಬಗ್ಗೆ ನೀವು ಹೇಳಿದ್ದನ್ನು ನೋಡಿ ಮೈ ಜುಮ್ ಅಂದಿತು. "ಒಮ್ಮೊಮ್ಮೆ ತೂಕ ಬರುತ್ತಿಲ್ಲ" ಅನ್ನುವ ಕಂಪ್ಲೇಂಟ್ ಒಂದು ಕ್ರಷರ್‌ನಿಂದ ಬರುತ್ತಲೇ ಇತ್ತು. ಕೇಬಲ್ ಬದಲಿಸಿ, ಇಂಡಿಕೇಟರ್ ಬದಲಿಸಿ ಎಲ್ಲ ಆಗಿತ್ತು. ರಿಮೋಟ್‌ನಲ್ಲಿ ನೋಡಿದೆ, ಟಿಟಿವೈಎಸ್0ರಲ್ಲಿ ಲಾಗಿನ್ ಪ್ರಾಂಪ್ಟ್ ಕೂತಿದೆ!

ಇಷ್ಟು ತೀರ್ಮಾನ ಮಾಡಿದ್ದೇನೆ. ಇಮೇಜ್ ಕಟ್ಟುವ ಗಿಟ್ ರೆಪೊದಲ್ಲೇ ಒಂದು ಟೆಕ್ಸ್ಟ್ ಫೈಲ್. ಆಪ್ಶನ್‌ಗೆ ಒಂದು ನಮೂದು. ಉದಾಹರಣೆಗೆ:

ಆಪ್ಶನ್: ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1
ಓದುವವರು: ಕರ್ನಲ್
ಪಿಸಿ: ಜೆ1900 ಮಾತ್ರ
ಯಾಕೆ: ಪಿಸಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಪವರ್ ಬಟನ್ ಒತ್ತಿ ಹಿಡಿಯದೆ ಎಚ್ಚರವಾಗುವುದಿಲ್ಲ
ನೋಡುವುದು: ಸಿಸ್‌ಎಫ್‌ಎಸ್ ಫೈಲ್‌ನಲ್ಲಿ 1 ಇರಬೇಕು
ತೆಗೆಯುವುದು: ಕೊನೆಯ ಜೆ1900 ಫೀಲ್ಡ್‌ನಿಂದ ಬಂದಾಗ

ಈ ಫೈಲ್‌ನಿಂದಲೇ ಒಂದು ಸ್ಕ್ರಿಪ್ಟ್ /ಇಟಿಸಿ/ಡೀಫಾಲ್ಟ್/ಗ್ರಬ್.ಡಿ ಒಳಗೆ ಫೈಲ್ ಮಾಡುತ್ತದೆ. ಅದೇ ಫೈಲ್‌ನಿಂದ ವಿಕಿ ಪುಟ. ಗ್ರಬ್ ಫೈಲ್‌ನ ಹಳೆಯ ಕಾಮೆಂಟ್‌ಗಳನ್ನೆಲ್ಲ ಅಳಿಸಿದೆ. ಇಮೇಜ್ ಟೆಸ್ಟ್ ಆಗುವಾಗ /ಪ್ರಾಕ್/ಸಿಎಂಡಿಲೈನ್ ಓದಿ, ಪಟ್ಟಿಯಲ್ಲಿಲ್ಲದ ಆಪ್ಶನ್ ಕಂಡರೆ ಬಿಲ್ಡ್ ಫೇಲ್.

ಉಳಿದದ್ದು ಕನ್ನಡ ಪಿಡಿಎಫ್. ಅದನ್ನೂ ಇದರಿಂದಲೇ ಮಾಡಬಹುದಾ? ಹುಡುಗರಿಗೆ ಇಷ್ಟೆಲ್ಲ ವಿವರ ಬೇಡ. ಆದರೆ ಪಿಡಿಎಫ್ ಇಲ್ಲದೆ ಅವರ ಕೆಲಸ ಸಾಗುವುದಿಲ್ಲ. ಗ್ರಬ್ ಮೆನುವಿನಲ್ಲಿ ಇ ಒತ್ತಿ ಆಪ್ಶನ್ ಸೇರಿಸುವುದು ಅವರಿಗೆ ದಿನದ ಕೆಲಸ.

ಹಳೇ_ಟರ್ಮಿನಲ್:

ಚೆನ್ನಾಗಿದೆ. "ತೆಗೆಯುವುದು" ಅನ್ನುವ ಸಾಲು ಇಟ್ಟಿರಲ್ಲ, ಅದಕ್ಕೆ ಒಂದು ಶಹಬ್ಬಾಸ್.

ಪಿಡಿಎಫ್‌ಗೆ ಆಪ್ಶನ್‌ನಿಂದ ಶುರುಮಾಡಬೇಡಿ. ಲಕ್ಷಣದಿಂದ ಶುರುಮಾಡಿ. ಹುಡುಗ ಕ್ರಷರ್ ಧೂಳಿನಲ್ಲಿ ನಿಂತಿರುತ್ತಾನೆ, ಪಕ್ಕದಲ್ಲಿ ಲಾರಿ ಸಾಲು, ಡ್ರೈವರ್‌ಗಳು ಹಾರ್ನ್ ಹೊಡೆಯುತ್ತಿರುತ್ತಾರೆ. ಅವನಿಗೆ ಗೊತ್ತಿರುವುದು "ಸ್ಕ್ರೀನ್ ಕಪ್ಪು" ಅಥವಾ "ತೂಕ ಬರುತ್ತಿಲ್ಲ". ನಿಮ್ಮ ಫೈಲ್‌ನ "ಯಾಕೆ" ಸಾಲೇ ಅಲ್ಲಿ ಶೀರ್ಷಿಕೆ ಆಗಲಿ. ಅದರ ಕೆಳಗೆ ಪಿಸಿ ಮಾಡೆಲ್, ಆಪ್ಶನ್, ನೋಡುವ ಬಗೆ. ಉಳಿದದ್ದು ಬೇಡ. ಮತ್ತೆ ಇ ಒತ್ತಿ ಸೇರಿಸಿದ್ದು ಆ ಒಂದು ಬೂಟ್‌ಗೆ ಮಾತ್ರ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಫೀಲ್ಡ್‌ನಲ್ಲಿ "ಸರಿ ಮಾಡಿದ್ದೆ, ಮತ್ತೆ ಹಾಳಾಯ್ತು" ಅನ್ನುವ ದೂರುಗಳ ಮೂಲ ಅದು.

ಪಿಡಿಎಫ್‌ನ ಮೊದಲ ಪುಟದಲ್ಲಿ ಗಿಟ್ ಕಮಿಟ್ ನಂಬರ್, ತಾರೀಖು ಹಾಕಿ. ವಾಟ್ಸ್ಆ್ಯಪ್‌ನಲ್ಲಿ ಯಾವ ಕಾಲದ ಪ್ರತಿ ಓಡಾಡುತ್ತಿದೆ ಅಂತ ಫೋನ್‌ನಲ್ಲೇ ಕೇಳಿ ತಿಳಿಯಬಹುದು.

ವರ್ಡ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡುವುದಾದರೆ ಹುಷಾರ್. ನೇರ ಉದ್ಧರಣ ಚಿಹ್ನೆಯನ್ನು ಅದು ಬಾಗಿದ ಚಿಹ್ನೆ ಮಾಡಿಬಿಡುತ್ತದೆ, ಎರಡು ಹೈಫನ್ ಕೊಟ್ಟರೆ ಒಂದು ಉದ್ದ ಗೆರೆ. ಲ್ಯಾಪ್‌ಟಾಪ್‌ನಲ್ಲಿ ಪಿಡಿಎಫ್ ತೆರೆದು ಎಸ್‌ಎಸ್‌ಎಚ್‌ನಲ್ಲಿ ಕಾಪಿ ಪೇಸ್ಟ್ ಮಾಡಿದವನ ಗ್ರಬ್ ಫೈಲ್ ಕೆಡುತ್ತದೆ. ಸ್ಕ್ರಿಪ್ಟ್‌ನಿಂದಲೇ ಪಿಡಿಎಫ್ ಮಾಡಿಸಿ, ಆಪ್ಶನ್‌ಗಳನ್ನು ಸಮ ಅಗಲದ ಫಾಂಟ್‌ನಲ್ಲಿ ಇಡಿ.

ನಿಮ್ಮ ಬಿಲ್ಡ್ ಟೆಸ್ಟ್ ಮೊದಲ ಸಲವೇ ಫೇಲ್ ಆಗುತ್ತದೆ, ಗಾಬರಿಯಾಗಬೇಡಿ. ಬೂಟ್_ಇಮೇಜ್, ರೂಟ್, ಆರ್‌ಓ ಇವನ್ನು ಗ್ರಬ್ ತಾನೇ ಸೇರಿಸುತ್ತದೆ, ಅವನ್ನು ಬಿಟ್ಟುಬಿಡಿ. ಹೋಲಿಸುವ ಮೊದಲು ಹೆಸರುಗಳಲ್ಲಿನ ಹೈಫನ್‌ಗಳನ್ನೆಲ್ಲ ಅಂಡರ್‌ಸ್ಕೋರ್ ಮಾಡಿಕೊಳ್ಳಿ, ಯಾಕೆಂದರೆ ಕರ್ನಲ್‌ಗೆ ಹೆಸರಿನಲ್ಲಿ ಎರಡೂ ಒಂದೇ. ಸಮ ಚಿಹ್ನೆಯ ಆಚೆ ಇರುವ ಬೆಲೆಗೆ ಮಾತ್ರ ಹಾಗೆ ಮಾಡಬೇಡಿ. ಕನ್ಸೋಲ್ ಎರಡು ಸಲ ಬಂದರೆ ಅದೂ ತಪ್ಪಲ್ಲ, ಕೊನೆಯಲ್ಲಿ ಬಂದದ್ದು /ಡೆವ್/ಕನ್ಸೋಲ್ ಆಗುತ್ತದೆ. ಆದರೆ ನಿಮ್ಮ ಟೆಸ್ಟ್‌ನಲ್ಲಿ ಕನ್ಸೋಲ್=ಟಿಟಿವೈಎಸ್0 ಎಲ್ಲಿ ಕಂಡರೂ ಬಿಲ್ಡ್ ನಿಲ್ಲಲಿ.

ಪೀಣ್ಯ_ಲಿನಕ್ಸ್:

ಸರಿ ಸರ್. ಹೊಸ ಜೆ6412 ಇಮೇಜ್‌ನಿಂದ ಶುರುಮಾಡುತ್ತೇನೆ, ಜೆ1900 ಇಮೇಜ್ ಆಮೇಲೆ. ಕ್ರಷರ್‌ನ ಪಿಸಿಯಲ್ಲಿ ಕನ್ಸೋಲ್ ಸಾಲು ತೆಗೆದು, ಅಪ್‌ಡೇಟ್-ಗ್ರಬ್ ಓಡಿಸಿ ಇಟ್ಟಿದ್ದೇನೆ. ಅವರ ಊಟದ ಬಿಡುವಿನಲ್ಲಿ ರೀಬೂಟ್ ಮಾಡಿಸಿ, ಪ್ರಾಂಪ್ಟ್ ಹೋಯಿತಾ ನೋಡಿ ಇಲ್ಲೇ ಬರೆಯುತ್ತೇನೆ.